ಕಣಕ್ಕಿಳಿಯುವ ಮುನ್ನವೇ ತೀರ್ಪು

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಿಯ 68 ತಂಡಗಳ ಪಟ್ಟಿ 2024ರ ಮಾರ್ಚ್‌ನಲ್ಲಿ ಹೊರಬಿದ್ದಾಗ ಇಂಡಿಯಾನಾ ಸ್ಟೇಟ್‌ನ ಹೆಸರು ಅದರಲ್ಲಿರಲಿಲ್ಲ. ಬಾಸ್ಕೆಟ್‌ಬಾಲ್ ದಿಗ್ಗಜ ಲ್ಯಾರಿ ಬರ್ಡ್ 1979ರಲ್ಲಿ ಫೈನಲ್‌ವರೆಗೆ ಕೊಂಡೊಯ್ದಿದ್ದ ಕಾಲೇಜು ಅದು. ಕನ್ನಡಕ ತೊಟ್ಟು ಆಡುವ ಎತ್ತರದ ಹುಡುಗ ರಾಬಿ ಅವಿಲಾನ ಬಲದಿಂದ ಅದು 2023-24ರ ಋತುವಿನಲ್ಲಿ 34 ಪಂದ್ಯಗಳಲ್ಲಿ 28 ಗೆದ್ದಿತ್ತು. ಆಯ್ಕೆ ಸಮಿತಿಯೇ ಬಳಸುವ 'ನೆಟ್' ಶ್ರೇಯಾಂಕದಲ್ಲಿ ಮೊದಲ 30ರೊಳಗಿತ್ತು. ಆದರೆ ಮಿಸೌರಿ ವ್ಯಾಲಿ ಎಂಬ ಸಣ್ಣ ಲೀಗಿನ ಫೈನಲ್‌ನಲ್ಲಿ ಡ್ರೇಕ್ ಎದುರು ನಾಲ್ಕು ಅಂಕಗಳಿಂದ ಸೋತಿತ್ತು. ಅದೇ ಶ್ರೇಯಾಂಕದಲ್ಲಿ 50ರಿಂದಾಚೆ ಇದ್ದ, ದೊಡ್ಡ ಲೀಗಿನ ವರ್ಜೀನಿಯಾಗೆ ಕರೆ ಬಂತು. ಎರಡೇ ದಿನದಲ್ಲಿ ಕೊಲರಾಡೊ ಸ್ಟೇಟ್ ಅದನ್ನು 67-42ರಿಂದ ಮಣಿಸಿತು.

ಆ ಒಂದು ಸೋಲಿನಿಂದ ಸಮಿತಿಯದು ತಪ್ಪೆಂದು ಸಾಬೀತಾಗುವುದಿಲ್ಲ. ಕಾಡುವ ಪ್ರಶ್ನೆ ಇನ್ನೂ ಆಳದ್ದು: ಸಾಮರ್ಥ್ಯ ತೋರಿಸಲು ಅವಕಾಶವೇ ಸಿಗದವರನ್ನು ಯಾವ ನ್ಯಾಯದಿಂದ ಅಳೆಯಬೇಕು?

ಆ ವರ್ಷ 32 ಜಾಗ ಲೀಗ್ ಚಾಂಪಿಯನ್ನರಿಗೆ ಮೀಸಲಾಗಿದ್ದವು, ಉಳಿದ 36 ಸಮಿತಿಯ ಕೈಯಲ್ಲಿದ್ದವು. ಬಲಿಷ್ಠರನ್ನು ಎಷ್ಟು ಸಲ ಸೋಲಿಸಿದ್ದೀರಿ ಎಂಬುದಕ್ಕೆ ಸಮಿತಿ ಬಹಳ ತೂಕ ಕೊಡುತ್ತದೆ. ದೊಡ್ಡ ಲೀಗಿನವರಿಗೆ ಅಂಥ ಎದುರಾಳಿಗಳು ಚಳಿಗಾಲವಿಡೀ ತಾವಾಗಿಯೇ ಸಿಗುತ್ತಾರೆ. ಸಣ್ಣವರು ಹುಡುಕಿಕೊಂಡು ಹೋಗಬೇಕು. ಸಣ್ಣ ಊರಿನ ಅಂಗಣಕ್ಕೆ ಬಂದು ಆಡಲು ದೊಡ್ಡವರು ಒಪ್ಪುವುದು ಅಪರೂಪ. ಗೆದ್ದರೆ ಲಾಭ ಕಡಿಮೆ, ಸೋತರೆ ಮುಖಭಂಗ. ಬದಲಿಗೆ ಹಣ ಕೊಟ್ಟು ದುರ್ಬಲ ತಂಡಗಳನ್ನು ತಮ್ಮಲ್ಲಿಗೇ ಕರೆಸಿಕೊಳ್ಳುತ್ತಾರೆ. ನಿಜಕ್ಕೂ ಚೆನ್ನಾಗಿ ಆಡುವ ಸಣ್ಣ ತಂಡವನ್ನು ಕರೆಯುವ ಧೈರ್ಯ ಕೆಲವರಿಗಷ್ಟೇ.

ಬ್ರಿಟಿಷ್ ತತ್ತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ 1962ರ ಪ್ರಬಂಧವೊಂದರಲ್ಲಿ ಯೋಧರಿಗೆ ಮಹಾ ಗೌರವವಿರುವ ಸಮಾಜವೊಂದನ್ನು ಕಲ್ಪಿಸಿದರು. ಮೊದಲು ಸಿರಿವಂತರ ಮಕ್ಕಳಷ್ಟೇ ಯೋಧರಾಗುತ್ತಿದ್ದರು. ಸುಧಾರಣೆ ಬಂದು ಎಲ್ಲರಿಗೂ ಸ್ಪರ್ಧೆ ತೆರೆಯಿತು. ಆದರೂ ಗೆದ್ದವರು ಬಹುಪಾಲು ಸಿರಿವಂತರ ಮಕ್ಕಳೇ, ಏಕೆಂದರೆ ಉಳಿದವರಿಗೆ ಹೊಟ್ಟೆಗೇ ಸರಿಯಾಗಿ ಇರಲಿಲ್ಲ. ಬಾಸ್ಕೆಟ್‌ಬಾಲ್ ಸಮಿತಿಯ ನಿಯಮಗಳಲ್ಲೂ ಯಾರ ಮುಖಕ್ಕೂ ಬಾಗಿಲು ಹಾಕಿಲ್ಲ. ಆದರೆ ಅಲ್ಲಿ ಅನ್ನವೆಂದರೆ ಪಂದ್ಯಗಳ ವೇಳಾಪಟ್ಟಿ, ಹಣವೂ ಹೌದು. ಟೂರ್ನಿಯಲ್ಲಿ ಒಂದು ಪಂದ್ಯ ಆಡಿದರೆ ಆ ತಂಡದ ಲೀಗಿಗೆ ಆರು ವರ್ಷಗಳಲ್ಲಿ ಸುಮಾರು 20 ಲಕ್ಷ ಡಾಲರ್ ಸಂದಾಯವಾಗುತ್ತದೆ. ಹೊರಗುಳಿದ ಇಂಡಿಯಾನಾ ಸ್ಟೇಟ್‌ನ ಕೋಚ್ ಜೋಶ್ ಶರ್ಟ್ಜ್ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯಕ್ಕೆ ಹೊರಟುಹೋದರು, ಅವಿಲಾನೂ ಅವರ ಹಿಂದೆಯೇ ಹೋದ.

ದುರ್ಬಲರ ಎದುರು ಕೂಡಿಟ್ಟ ಗೆಲುವುಗಳಿಗೆ ಪೂರ್ತಿ ಬೆಲೆ ಕೊಡಲಾಗದು ಎಂಬ ಸಮಿತಿಯ ವಾದ ಒಪ್ಪುವಂಥದ್ದೇ. ಆದರೆ 2025ರಲ್ಲಿ ದೊಡ್ಡ ಲೀಗಿನ ನಾರ್ತ್ ಕೆರೊಲಿನಾ, ಅತಿ ಕಠಿಣವೆಂದು ಸಮಿತಿ ಎಣಿಸುವ 13 ಪಂದ್ಯಗಳಲ್ಲಿ 12 ಸೋತಿದ್ದರೂ ಪಟ್ಟಿಯಲ್ಲಿ ಸೇರಿತು. ಮೊದಲ ಪಂದ್ಯವನ್ನು ಅದು ಸಲೀಸಾಗಿ ಗೆದ್ದಿತು, ನಿಜ. ಆದರೂ ಹದಿಮೂರು ಸಲ ಪರೀಕ್ಷೆಗೆ ಕೂತವರ ಬಗ್ಗೆ ನಮಗೆ ಸಾಕಷ್ಟು ಗೊತ್ತಿರುತ್ತದೆ; ಕೂರಲು ಬಿಡದವರ ಬಗ್ಗೆ ಇರುವುದು ಸಂಶಯ ಮಾತ್ರ. ಆ ಸಂಶಯದ ಲಾಭ ಸಣ್ಣವರಿಗೇ ಸಲ್ಲಬೇಕು. 2011ರಲ್ಲಿ ಸಣ್ಣ ಲೀಗಿನ ವಿಸಿಯು (ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯ) ತಂಡಕ್ಕೆ ಕರೆ ಕೊಟ್ಟಾಗ ಟಿವಿ ವಿಶ್ಲೇಷಕರು ಕಿಡಿಕಾರಿದ್ದರು. ಅದು ಬಲಿಷ್ಠ ಕಾನ್ಸಸ್ ತಂಡವನ್ನೂ ಕೆಡವಿ ಸೆಮಿಫೈನಲ್ ತಲುಪಿತು.

ಆಯ್ಕೆಯ ದಿನದ ಔದಾರ್ಯ ಮಾತ್ರ ಸಾಲದು. ಋತು ಶುರುವಾಗುವುದು ನವೆಂಬರ್‌ನಲ್ಲಿ. ದೊಡ್ಡ ಲೀಗಿನ ಪ್ರತಿ ತಂಡವೂ ಸಣ್ಣ ಊರಿನ ಅಂಗಣಕ್ಕೆ ಹೋಗಿ ಕೆಲವು ಪಂದ್ಯಗಳನ್ನಾದರೂ ಆಡಲೇಬೇಕೆಂಬ ನಿಯಮ ಅಲ್ಲಿಂದಲೇ ಜಾರಿಗೆ ಬರಬೇಕು.