ಸಮಾರಂಭದ ಅಲಂಕಾರವೂ ಅನರ್ಥದಂಡವೂ

ಮಂಗಳಕಾರ್ಯಕ್ಕೆ ಅಲಂಕಾರ ಬೇಕೆಂಬ ವಿಷಯದಲ್ಲಿ ನಮ್ಮ ನಾಡಿನಲ್ಲಿ ಭಿನ್ನಾಭಿಪ್ರಾಯವಿಲ್ಲ. ಬಾಗಿಲಿಗೆ ಮಾವಿನ ತೋರಣ, ಅಂಗಳಕ್ಕೆ ರಂಗವಲ್ಲಿ, ಚಪ್ಪರದ ಕಂಬಕ್ಕೆ ಬಾಳೆ ಇವೆಲ್ಲ ಬಂದವರನ್ನು ಎದುರುಗೊಳ್ಳುವ ಚಿಹ್ನೆಗಳು. ಆದರೆ ಕಳೆದ ಕೆಲವು ದಶಕಗಳಲ್ಲಿ ಅಲಂಕಾರವು ಮನೆಯಂಗಳವನ್ನು ದಾಟಿ ವ್ಯಾಪಾರದ ಅಂಗವಾಗಿ ಬೆಳೆದಿದೆ. ಹೊಸ ಮಳಿಗೆಯ ಪ್ರಾರಂಭೋತ್ಸವ, ಸಂಸ್ಥೆಯ ಬೆಳ್ಳಿಹಬ್ಬ, ಡೀಲರುಗಳ ಸಮಾವೇಶ, ಹೊಸ ಬ್ರ್ಯಾಂಡಿನ ಬಿಡುಗಡೆ ಮುಂತಾದವನ್ನು ನಡೆಸಿಕೊಡುವುದಕ್ಕೆ ‘ಈವೆಂಟ್ ಮ್ಯಾನೇಜ್‌ಮೆಂಟ್’ ಎಂಬ ಪ್ರತ್ಯೇಕ ಉದ್ಯಮವೇ ಇದೆ. ಹೂವಿನ ಗೋಡೆ, ಎಲ್‌ಇಡಿ ಪರದೆ, ಬಲೂನಿನ ಕಮಾನು, ಸೆಲ್ಫಿ ತೆಗೆಯುವ ಚೌಕಟ್ಟು, ಅತಿಥಿಗಳೇ ತಿರುಗಿಸುವ ಅದೃಷ್ಟಚಕ್ರ ಇವೆಲ್ಲ ಅದರ ಸಾಮಗ್ರಿಗಳು. ನಮ್ಮ ಸಮಾಜದಲ್ಲಿ ವ್ಯಾಪಾರಸ್ಥರು ಬಹುಸಂಖ್ಯೆಯಲ್ಲಿ ಇರುವುದರಿಂದ ಇಂಥ ಸಮಾರಂಭಗಳಿಗೆ ನಾವು ಯಜಮಾನರೂ ಹೌದು, ಅತಿಥಿಗಳೂ ಹೌದು. ಹೀಗಿರುವಾಗ, ಅಲಂಕಾರವು ಎಲ್ಲಿಯವರೆಗೆ ಸತ್ಕಾರವಾಗಿರುತ್ತದೆ, ಎಲ್ಲಿಂದ ಮುಂದೆ ದೋಷವಾಗುತ್ತದೆ ಎಂಬ ಪ್ರಶ್ನೆಯನ್ನು ಶ್ರಾವಕರು ವಿಚಾರಿಸಬೇಕಾಗಿದೆ.

ಗೃಹಸ್ಥನ ಜೀವನದಲ್ಲಿ ಒದಗುವ ಹಿಂಸೆಯನ್ನು ನಮ್ಮವರು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಸಮಾರಂಭದ ಆಡಂಬರವನ್ನು ಪ್ರಶ್ನಿಸಿದಾಗ ಸಾಮಾನ್ಯವಾಗಿ ಬರುವ ಉತ್ತರ, “ಇದು ಉದ್ಯೋಗೀ ಹಿಂಸೆ, ವ್ಯಾಪಾರಕ್ಕೆ ಪ್ರಚಾರ ಅನಿವಾರ್ಯ” ಎಂಬುದು. ಈ ಉತ್ತರವನ್ನು ಹಾಗೆಯೇ ಒಪ್ಪುವಂತಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವಿರತಿಯನ್ನು ಗುಣವ್ರತಗಳಲ್ಲಿ ಎಣಿಸಿದ್ದಾರೆ. ಅನರ್ಥವೆಂದರೆ ಪ್ರಯೋಜನವಿಲ್ಲದ್ದು, ದಂಡವೆಂದರೆ ಜೀವಗಳಿಗೆ ಕೊಡುವ ಪೀಡೆ. ಅದರ ಐದು ಪ್ರಭೇದಗಳಲ್ಲಿ ಪ್ರಮಾದಚರ್ಯೆಯೂ ಒಂದು. ಕಾರಣವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಉರಿಸುವುದು, ಸಸ್ಯವನ್ನು ಕಡಿಯುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಇಂದಿನ ಅಲಂಕಾರದ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ವ್ರತದ ವ್ಯಾಪ್ತಿ ತಾನಾಗಿಯೇ ತಿಳಿಯುತ್ತದೆ.

ಲೆಕ್ಕಪತ್ರ ಬಲ್ಲವರಿಗೆ ಈ ವಿಚಾರ ಅಪರಿಚಿತವಲ್ಲ. 1961ರ ಆದಾಯ ತೆರಿಗೆ ಕಾಯಿದೆಯ 37ನೆಯ ಕಲಮು, ಖರ್ಚು ಸಂಪೂರ್ಣವಾಗಿಯೂ ಕೇವಲವಾಗಿಯೂ ವ್ಯಾಪಾರದ ಉದ್ದೇಶಕ್ಕೇ ಆಗಿರಬೇಕೆಂದು ವಿಧಿಸಿತ್ತು. ಆದರೆ ಆ ಖರ್ಚು ಅನಿವಾರ್ಯವಾಗಿತ್ತೆಂದು ವ್ಯಾಪಾರಿಯು ಸಾಧಿಸಿ ತೋರಿಸಬೇಕಾಗಿರಲಿಲ್ಲ. ವ್ಯಾಪಾರಕ್ಕಾಗಿ ಮಾಡಿದ್ದೆಂದರೆ ಸಾಕಾಗಿತ್ತು. ಕಾಯಿದೆ ಅಲ್ಲಿಗೆ ನಿಲ್ಲುತ್ತದೆ. ವ್ರತವಾದರೋ ಮತ್ತೊಂದು ಪ್ರಶ್ನೆಯನ್ನು ಕೇಳುತ್ತದೆ: ಅದಿಲ್ಲದೆ ಕಾರ್ಯವು ನಡೆಯುತ್ತಿರಲಿಲ್ಲವೇ? ವೇದಿಕೆಯ ಹಿಂದೆ ಹೂವಿನ ಬೆಟ್ಟವನ್ನು ನಿಲ್ಲಿಸಿದ ಮಾತ್ರಕ್ಕೆ ಬಟ್ಟೆಯ ಬಣ್ಣವೇನೂ ಗಟ್ಟಿಯಾಗದು. ಅನಿವಾರ್ಯವಾದ ಹಿಂಸೆಗೆ ಮಾತ್ರ ಉದ್ಯೋಗೀ ಎಂಬ ಹೆಸರು ಸಲ್ಲುತ್ತದೆ.

ಉದ್ದೇಶ ಒಳ್ಳೆಯದಾಗಿದ್ದರೆ ದೋಷವಿಲ್ಲವೆಂದು ಹೇಳುವವರೂ ಇದ್ದಾರೆ. ಅವರು ಎರಡು ಘಟನೆಗಳನ್ನು ನೆನೆಯಬೇಕು. 1986ರ ಸೆಪ್ಟೆಂಬರ್ 27ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಒಂದು ದಾನಸಂಸ್ಥೆಯು ನಿಧಿಸಂಗ್ರಹದ ಪ್ರಚಾರಕ್ಕಾಗಿ ಸುಮಾರು 15 ಲಕ್ಷ ಬಲೂನುಗಳನ್ನು ಒಮ್ಮೆಗೇ ಹಾರಿಬಿಟ್ಟಿತು. ಅವುಗಳಿಗೆ ಅನಿಲ ತುಂಬಿದವರು ಉತ್ಸಾಹಿಗಳಾದ ವಿದ್ಯಾರ್ಥಿಗಳು ಮತ್ತು ಸ್ವಯಂಸೇವಕರು. ಮಳೆಗಾಳಿಗೆ ಸಿಕ್ಕಿದ ಬಲೂನುಗಳು ಊರಿನ ಮೇಲೂ ಈರಿ ಸರೋವರದ ಮೇಲೂ ಇಳಿದವು. ವಿಮಾನ ನಿಲ್ದಾಣವೊಂದರ ಓಡುದಾರಿಯನ್ನು ಕೆಲಹೊತ್ತು ಮುಚ್ಚಬೇಕಾಯಿತು. ಸರೋವರದಲ್ಲಿ ಕಾಣೆಯಾಗಿದ್ದ ಇಬ್ಬರನ್ನು ಹುಡುಕುತ್ತಿದ್ದ ರಕ್ಷಣಾಪಡೆಗೆ, ನೀರಿನ ಮೇಲೆ ತೇಲುವ ಬಲೂನುಗಳ ನಡುವೆ ಮನುಷ್ಯರ ತಲೆಯನ್ನು ಗುರುತಿಸುವುದು ದುಸ್ತರವಾಯಿತು. ಎರಡು ವರ್ಷಗಳ ನಂತರ, 1988ರ ಸಿಯೋಲ್ ಒಲಿಂಪಿಕ್ಸ್‌ನ ಉದ್ಘಾಟನೆಯಲ್ಲಿ ಶಾಂತಿಯ ಸಂಕೇತವೆಂದು ಪಾರಿವಾಳಗಳನ್ನು ಬಿಟ್ಟರು. ಅವುಗಳಲ್ಲಿ ಕೆಲವು ಜ್ಯೋತಿಯ ಕುಂಡದ ಅಂಚಿನಲ್ಲಿ ಕುಳಿತವು. ಜ್ಯೋತಿ ಹೊತ್ತಿಸಿದಾಗ ಬೆಂದುಹೋದವು. ಇಲ್ಲಿ ಯಾರಿಗೂ ಕೊಲ್ಲುವ ಸಂಕಲ್ಪವಿರಲಿಲ್ಲ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರಮಾದದ ಯೋಗದಿಂದ ಪ್ರಾಣಗಳನ್ನು ಬೇರ್ಪಡಿಸುವುದನ್ನೇ ಹಿಂಸೆಯೆಂದು ನಿರೂಪಿಸಿದ್ದಾರೆ. ನೋಟದ ಸೊಗಸಿನಲ್ಲಿ ಮೈಮರೆಯುವುದು ಪ್ರಮಾದದ ಒಂದು ಸಾಮಾನ್ಯ ರೂಪವೇ ಆಗಿದೆ.

ಇನ್ನು ಸಾಮಗ್ರಿಯ ವಿಚಾರ. ಅಲಂಕಾರಕ್ಕೆ ಬಳಸುವ ಥರ್ಮೋಕೋಲ್, ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ಬಾವುಟ, 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರ್ ಇವುಗಳನ್ನು ಕೇಂದ್ರ ಸರ್ಕಾರವು 2022ರ ಜುಲೈ 1ರಿಂದ ನಿಷೇಧಿಸಿದೆ. ಹೂಗಳನ್ನು ಚುಚ್ಚಿ ನಿಲ್ಲಿಸುವ ಹಸಿರು ಸ್ಪಂಜು ಮಣ್ಣಿನಲ್ಲಿ ಕರಗದೆ ಪುಡಿಯಾಗಿ ನೀರನ್ನು ಸೇರುವ ಪ್ಲಾಸ್ಟಿಕ್ಕೇ ಆಗಿದೆ. ಇವನ್ನು ಬಿಟ್ಟು ‘ಸಹಜ’ ವಸ್ತುಗಳಿಗೆ ಮರಳಿದರೆ ಎಲ್ಲವೂ ನಿರ್ದೋಷವಾಯಿತೆಂಬ ಭಾವನೆಯೂ ಸರಿಯಲ್ಲ. ರೇಷ್ಮೆಯ ಪರದೆಗಾಗಿ ಗೂಡಿನೊಳಗಿನ ಹುಳುಗಳನ್ನು ಬಿಸಿಗೆ ಒಡ್ಡಿ ಕೊಂದಿರುತ್ತಾರೆ. ಚನ್ನಪಟ್ಟಣದ ಗೊಂಬೆಗಳ ಹೊಳಪು ಅರಗಿನದು. ಅರಗು ಕೀಟಗಳಿಂದ ಬರುವಂಥದು, ಅದರ ವ್ಯಾಪಾರವನ್ನು ಕೆಲವು ಶ್ರಾವಕಾಚಾರ ಗ್ರಂಥಗಳು ನಿಷಿದ್ಧ ವಾಣಿಜ್ಯಗಳಲ್ಲಿ ಸೇರಿಸಿವೆ. ಮನೆಯ ಅಂಗಳದಲ್ಲಿ ಅಕ್ಕಿಹಿಟ್ಟಿನ ರಂಗವಲ್ಲಿ ಇರುವೆಗಳಿಗೆ ಆಹಾರವಾಗುತ್ತದೆ ನಿಜ. ಆದರೆ ಸಾವಿರ ಜನ ನಡೆದಾಡುವ ಸಭಾಂಗಣದ ಬಾಗಿಲಲ್ಲಿ ಅದೇ ಹಿಟ್ಟು ಇರುವೆಗಳನ್ನು ಕಾಲ್ತುಳಿತಕ್ಕೆ ಕರೆದಂತಾಗುತ್ತದೆ. ಅಲ್ಲಿ ಕಲ್ಲಿನ ಪುಡಿಯೇ ಲೇಸು. ವಸ್ತುವಿನ ಹೆಸರನ್ನಷ್ಟೇ ನೋಡದೆ ಸ್ಥಳವನ್ನೂ ಸಂದರ್ಭವನ್ನೂ ಕೂಡಿಸಿ ನೋಡುವುದೇ ವಿವೇಕ.

ಹೂವಿನ ಪ್ರಶ್ನೆ ನಮ್ಮಲ್ಲಿ ಹಳೆಯದು. ದಿಗಂಬರ ತೇರಾಪಂಥದವರು ಪೂಜೆಯಲ್ಲಿ ಹಸಿ ಹೂಗಳನ್ನು ಬಳಸದೆ ಕೇಸರಿ ಲೇಪಿಸಿದ ಅಕ್ಷತೆಯನ್ನೇ ಪುಷ್ಪವೆಂದು ಅರ್ಪಿಸುತ್ತಾರೆ. ಕರ್ನಾಟಕದ ಬಸದಿಗಳಲ್ಲಿ ಹೂವಿನ ಪೂಜೆ ನಡೆದುಬಂದಿದೆ. ಇವುಗಳ ತಾರತಮ್ಯವನ್ನು ನಿರ್ಣಯಿಸುವುದು ಈ ಲೇಖನದ ಉದ್ದೇಶವಲ್ಲ. ಜಿನಚರಣದಲ್ಲಿ ಇಡುವ ಒಂದು ಹೂವಿನ ಬಗೆಗೆ ಇಷ್ಟು ಸೂಕ್ಷ್ಮವಾಗಿ ಚರ್ಚಿಸಿದ ಸಮಾಜವು, ಅಂಗಡಿಯ ಹೆಸರನ್ನು ಹೂವಿನಲ್ಲಿ ಬರೆಯಿಸಲು ಕಿತ್ತ ಮೂಟೆಗಟ್ಟಲೆ ಸೇವಂತಿಗೆಯ ಬಗೆಗೆ ಮೌನವಾಗಿರುವುದು ಆಶ್ಚರ್ಯವೆಂದಷ್ಟೇ ಇಲ್ಲಿ ಹೇಳಬೇಕಾಗಿದೆ. ಮಲೆನಾಡಿನಲ್ಲಿ ಭತ್ತದ ತೆನೆಗಳನ್ನು ಹೆಣೆದು ತೋರಣ ಕಟ್ಟುವ ಪದ್ಧತಿಯಿದೆ. ಪೈರನ್ನು ಹೇಗೂ ಕೊಯ್ದಿರುತ್ತಾರೆ. ಸಮಾರಂಭ ಮುಗಿದ ಮೇಲೆ ಅದನ್ನು ಮರಕ್ಕೆ ತೂಗುಹಾಕಿದರೆ ಗುಬ್ಬಚ್ಚಿಗಳು ತಿನ್ನುತ್ತವೆ. ಅಲಂಕಾರಕ್ಕೆ ಮಾದರಿ ಬೇಕೆಂದರೆ ಇಂಥದನ್ನು ನೋಡಬಹುದು.

ದೀಪದ ಮಾತೂ ಇದೆ. ಮಳೆಗಾಲದ ರಾತ್ರಿ ಬಯಲಿನಲ್ಲಿ ಪ್ರಖರವಾದ ದೀಪಗಳನ್ನು ಉರಿಸಿದರೆ ಮುಂಜಾನೆ ಕಂಬದ ಬುಡದಲ್ಲಿ ಸತ್ತ ಹುಳುಗಳ ರಾಶಿ ಬಿದ್ದಿರುತ್ತದೆ. ಸಮಾರಂಭವನ್ನು ಹಗಲಿನಲ್ಲಿ ನಡೆಸಿದರೆ ಈ ಖರ್ಚೂ ಇಲ್ಲ, ಈ ಪಾಪವೂ ಇಲ್ಲ. ರಾತ್ರಿಭೋಜನ ತ್ಯಾಗವೂ ತಾನಾಗಿಯೇ ಪಾಲನೆಯಾಗುತ್ತದೆ. ಮಧ್ಯರಾತ್ರಿಯ ನಂತರ ಏಣಿಯೇರಿ ವೇದಿಕೆಯನ್ನು ಬಿಚ್ಚುವ ಕೂಲಿಯವರಿಗೂ ನಿದ್ದೆ ದೊರೆಯುತ್ತದೆ.

ಈಚೆಗೆ ಅತಿಥಿಗಳು ಸುಮ್ಮನೆ ಕುಳಿತು ನೋಡುವುದರ ಬದಲು ತಾವೂ ಪಾಲ್ಗೊಳ್ಳುವಂತಹ ಆಟ-ಚಟುವಟಿಕೆಗಳನ್ನು ಸಮಾರಂಭಗಳಲ್ಲಿ ಏರ್ಪಡಿಸುತ್ತಾರೆ. ತತ್ತ್ವತಃ ಇದು ಸ್ವಾಗತಾರ್ಹ. ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅತಿಥಿಸಂವಿಭಾಗವೂ ಒಂದಲ್ಲವೇ? ಅಲ್ಲಿ ಅತಿಥಿಯೆಂದರೆ ಮುಖ್ಯವಾಗಿ ಮುನಿಗಳೇ. ಆದರೂ ಬಂದವರಿಗೆ ಪಾಲು ಕೊಡಬೇಕೆಂಬ ಭಾವವನ್ನು ನಾವು ವಿಸ್ತರಿಸಿಕೊಳ್ಳಬಹುದು. ಆದರೆ ಈ ಆಟಗಳಲ್ಲಿ ಪಾಲು ಯಾರಿಗೆ ದೊರೆಯುತ್ತದೆಂಬುದನ್ನು ಪರಿಶೀಲಿಸಬೇಕು. ಲಕ್ಕಿ ಡಿಪ್ ಚೀಟಿಯಲ್ಲಿ ಹೆಸರು, ಫೋನ್ ನಂಬರು, ಜನ್ಮದಿನಾಂಕ ಬರೆಯಿಸಿಕೊಂಡು, ಮರುದಿನದಿಂದ ಆ ನಂಬರಿಗೆ ಜಾಹೀರಾತುಗಳನ್ನು ಕಳುಹಿಸುವುದು ಈಗ ಸಾಮಾನ್ಯವಾಗಿದೆ. ಅತಿಥಿಯು ನಂಬರನ್ನು ಕೊಟ್ಟದ್ದು ಬಹುಮಾನದ ಸಲುವಾಗಿ. ಜಾಹೀರಾತಿಗಾಗಿ ಆತ ಅದನ್ನು ಕೊಟ್ಟಿಲ್ಲ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯೂ ನಿರ್ದಿಷ್ಟ ಉದ್ದೇಶಕ್ಕೆ ಒಪ್ಪಿಗೆ ಪಡೆಯಬೇಕೆಂದು ಹೇಳುತ್ತದೆ. ಅಚೌರ್ಯಾಣುವ್ರತವನ್ನು ಬಲ್ಲ ನಮಗೆ ಕಾಯಿದೆಯ ಭಯ ಬೇಕಾಗಿರಲಿಲ್ಲ.

ನಿಜವಾದ ಪಾಲ್ಗೊಳ್ಳುವಿಕೆ ಹೇಗಿರುತ್ತದೆಂಬುದಕ್ಕೆ ಶ್ರವಣಬೆಳಗೊಳದ ಗುಳ್ಳಕಾಯಜ್ಜಿಯ ಐತಿಹ್ಯವೇ ಸಾಕ್ಷಿ. ಚಾವುಂಡರಾಯನು ಕೊಡಗಟ್ಟಲೆ ಹಾಲು ಸುರಿಸಿದರೂ ಗೊಮ್ಮಟನ ಪಾದಕ್ಕೆ ಇಳಿಯದ ಅಭಿಷೇಕವು, ಬಡ ಮುದುಕಿಯೊಬ್ಬಳ ಗುಳ್ಳಕಾಯಿಯ ಒಂದಿಷ್ಟು ಹಾಲಿನಿಂದ ಸಂಪೂರ್ಣವಾಯಿತೆಂದು ಹೇಳುತ್ತಾರೆ. ಆಕೆಯ ವಿಗ್ರಹವು ಇಂದಿಗೂ ಸ್ವಾಮಿಯ ಎದುರಿಗೇ ಇದೆ. ಸಮಾರಂಭದ ಯಜಮಾನನು ತನ್ನ ವೈಭವವನ್ನು ತೋರಿಸುವುದಕ್ಕೆ ಮಾತ್ರ ಜನರನ್ನು ಕರೆದರೆ ಬಂದವರು ಪ್ರೇಕ್ಷಕರಾಗಿಯೇ ಉಳಿಯುತ್ತಾರೆ. ಅವರ ಕೈಯಿಂದಲೂ ಏನಾದರೊಂದು ಒಳಿತು ನಡೆದಾಗ ಸಮಾರಂಭವು ಅವರದೂ ಆಗುತ್ತದೆ.

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಮ್ಮ ಚತುರ್ವಿಧ ದಾನಗಳಲ್ಲಿಯೇ ಇದಕ್ಕೆ ಬೇಕಾದ ಯೋಜನೆಗಳಿವೆ. ಸೆಲ್ಫಿ ಚೌಕಟ್ಟಿನ ಜಾಗದಲ್ಲಿ ಪುಸ್ತಕಗಳ ಒಂದು ಮೇಜನ್ನಿಟ್ಟು, ಪ್ರತಿಯೊಬ್ಬ ಅತಿಥಿಯೂ ಒಂದು ಪುಸ್ತಕವನ್ನು ಆರಿಸಿ ಅದರಲ್ಲಿ ಮಗುವಿಗೊಂದು ಹಾರೈಕೆಯ ಸಾಲು ಬರೆದು ಊರಿನ ಸರ್ಕಾರಿ ಶಾಲೆಗೆ ಕೊಡುವಂತೆ ಮಾಡಬಹುದು. ಜವಳಿಯ ವ್ಯಾಪಾರಿಯು ಹತ್ತಿಯ ಕೈಮಗ್ಗವೊಂದನ್ನು ನಿಲ್ಲಿಸಿ, ನೇಕಾರರ ಮಾರ್ಗದರ್ಶನದಲ್ಲಿ ಬಂದವರೆಲ್ಲ ಒಂದೊಂದು ಸಲ ಲಾಳಿ ಎಸೆಯಲು ಅವಕಾಶ ಕೊಡಬಹುದು. ಬಟ್ಟೆಯ ಬೆಲೆಯೇನೆಂಬುದನ್ನು ಯಾವ ಜಾಹೀರಾತಿಗಿಂತಲೂ ಆ ಮಗ್ಗವೇ ಚೆನ್ನಾಗಿ ತಿಳಿಸೀತು. ದಾನಿಗಳ ಹೆಸರನ್ನು ಪರದೆಯ ಮೇಲೆ ಮೂಡಿಸುವ ಆಸೆಯನ್ನು ಮಾತ್ರ ತಡೆದುಕೊಳ್ಳಬೇಕು. ಕಡಿಮೆ ಕೊಟ್ಟವನು ಅಲ್ಲಿ ತಲೆತಗ್ಗಿಸುವಂತಾದರೆ ದಾನವು ಮಾನಕಷಾಯಕ್ಕೆ ಆಹಾರವಾಗುತ್ತದೆ.

ಆಡಂಬರ ಕಡಿಮೆಯಾದರೆ ಹೂ ಬೆಳೆಯುವ ರೈತನ, ಶಾಮಿಯಾನದವನ, ದೀಪದವನ ಜೀವನೋಪಾಯದ ಗತಿಯೇನು ಎಂಬ ಆಕ್ಷೇಪ ಉಪೇಕ್ಷಿಸತಕ್ಕದ್ದಲ್ಲ. ಈ ಆಕ್ಷೇಪಕ್ಕೆ ಪೂರ್ಣವಾದ ಸಮಾಧಾನವೂ ಇಲ್ಲ. ಅಲಂಕಾರವನ್ನು ಸಂಪೂರ್ಣವಾಗಿ ತ್ಯಜಿಸಬೇಕೆಂದು ಯಾರೂ ಹೇಳುತ್ತಿಲ್ಲ. ಪರಿಮಾಣ ಮಾಡಿಕೊಳ್ಳಬೇಕೆಂಬುದೇ ವ್ರತದ ಆಶಯ. ಹೂವಿಗೆ ಉಳಿಸಿದ ಹಣವು ನೇಕಾರನಿಗೆ, ಪುಸ್ತಕದಂಗಡಿಗೆ, ಹಗಲು ಕೆಲಸ ಮಾಡುವ ಕೂಲಿಯವನ ಹೆಚ್ಚಿನ ಮಜೂರಿಗೆ ಹೋದರೆ ಅದು ಸಮಾಜದಲ್ಲಿಯೇ ಇರುತ್ತದೆ. ತಿಜೋರಿಗೇ ಮರಳಿದರೆ ಆಕ್ಷೇಪಿಸಿದವರ ಮಾತು ಗೆದ್ದಂತಾಯಿತು.

ಪರಿಮಾಣವನ್ನು ಮೊದಲೇ ಗೊತ್ತುಮಾಡಬೇಕೆಂಬುದು ಮುಖ್ಯ. ಅಲಂಕಾರದವನು ಬಣ್ಣಬಣ್ಣದ ಚಿತ್ರಗಳನ್ನು ತೋರಿಸತೊಡಗಿದ ಮೇಲೆ, ನೆರೆಯ ಅಂಗಡಿಯವರ ಸಮಾರಂಭ ಕಣ್ಣಮುಂದೆ ಸುಳಿದ ಮೇಲೆ, ಮನಸ್ಸು ಹಿಡಿತಕ್ಕೆ ಸಿಕ್ಕುವುದಿಲ್ಲ. ಭಗವಾನ್ ಮಹಾವೀರರ ನಿರ್ವಾಣದಿನವಾದ ದೀಪಾವಳಿಯಂದು ನಮ್ಮಲ್ಲಿ ಅನೇಕರು ಹೊಸ ಖಾತೆಪುಸ್ತಕವನ್ನು ಪೂಜಿಸುತ್ತಾರೆ. ಮುಂದಿನ ದೀಪಾವಳಿಯಲ್ಲಿ, ಆ ಪುಸ್ತಕದ ಮೊದಲ ಪುಟದಲ್ಲಿಯೇ ವರ್ಷದ ಸಮಾರಂಭಗಳಿಗೆ ಎಷ್ಟು ಹೂವು, ಎಷ್ಟು ದೀಪ, ಎಷ್ಟು ಹಣ ಎಂಬುದನ್ನು ಬರೆದಿಟ್ಟುಕೊಳ್ಳುವಂತೆ ವ್ಯಾಪಾರಸ್ಥರಾದ ಧರ್ಮಬಂಧುಗಳಲ್ಲಿ ವಿನಂತಿಸುತ್ತೇನೆ.