ಪ್ಲಗ್ ಬಿಚ್ಚಿ ನೋಡಿ

ಇವತ್ತು ರೇಸ್ ಬೋಟಿನ ಕಾರ್ಬುರೇಟರ್‌ನಿಂದ ಶುರು ಮಾಡ್ತೀನಿ. ನಗಬೇಡಿ, ನಿಮ್ಮಲ್ಲೂ ಹಳೇ ಬೈಕ್ ಟ್ಯೂನ್ ಮಾಡಿಸಿದವರು ಇದ್ದೀರಿ.

ಕಾರಿಗೆ ಇಳಿಜಾರು ಸಿಗುತ್ತೆ, ಬೋಟಿಗೆ ಇಲ್ಲ. ನೀರು ತಡೀತಾನೇ ಇರುತ್ತೆ, ಎಂಜಿನ್ ಬಿಡುವಿಲ್ಲದೆ ದುಡಿಯುತ್ತೆ. ಜೆಟ್ ಚಿಕ್ಕದಾಗಿ ಪೆಟ್ರೋಲ್ ಸಾಲದಿದ್ದರೆ ಒಳಗೆ ಬಿಸಿ ಏರುತ್ತೆ. ಆಯಿಲ್ ಬೆರೆಸಿದ ಪೆಟ್ರೋಲ್ ಹಾಕುವ ಟೂ-ಸ್ಟ್ರೋಕ್ ಆದರೆ ಆಯಿಲೂ ಕಡಿಮೆ. ಆದರೂ ಸ್ವಲ್ಪ ಹೊತ್ತು ಬೋಟ್ ಚುರುಕಾಗೇ ಓಡಬಹುದು! ಆಮೇಲೆ ಪಿಸ್ಟನ್ ಕರಗುತ್ತೆ.

ಅದಕ್ಕೇ ಫುಲ್ ಥ್ರಾಟಲ್‌ನಲ್ಲಿ ಓಡಿಸಿ, ಅಲ್ಲೇ ಇಗ್ನಿಷನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡ್ತಾರೆ. ಪಿಂಗಾಣಿ ತಿಳಿ ಕಂದು ಇದ್ದರೆ ಸರಿ, ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ, ಬೆಳ್ಳಗಿದ್ದರೆ ಅಪಾಯ. ನಿಧಾನಕ್ಕೆ ದಡಕ್ಕೆ ತಂದು ನೋಡಿದರೆ ಬಣ್ಣ ಸುಳ್ಳು ಹೇಳುತ್ತೆ.

ಹೋದ ವರ್ಷ ನಾನು ಹಾಗೇ ಓಡ್ತಿದ್ದೆ. ವಾರಕ್ಕೆ ಮೂರು ಮೀಟಿಂಗ್. ಒಬ್ಬನೇ ಮೊಣಕಾಲೂರಿ ತಿಂಗಳುಗಳೇ ಆಗಿದ್ದವು. ಭಾನುವಾರದ ನನ್ನ ಮುಖ ನೋಡಿ ಯಾರಿಗೂ ಗೊತ್ತಾಗಲಿಲ್ಲ. ಸಣ್ಣ ಮಾತಿಗೆ ಹೆಂಡತಿ ಮೇಲೆ ಕಿರುಚಿದೆನಲ್ಲಾ, ಆ ರಾತ್ರಿ ನನಗೇ ಗೊತ್ತಾಯ್ತು.

139ನೇ ಕೀರ್ತನೆಯ ಕೊನೆಯಲ್ಲಿ ದಾವೀದನು ತನ್ನ ಒಳಗನ್ನು ನೋಡು ಅಂತ ದೇವರನ್ನ ಬೇಡ್ಕೊಳ್ತಾನೆ. ಆಫೀಸ್ ಒತ್ತಡ ಜೋರಿರುವಾಗಲೇ, ಬುಧವಾರ ರಾತ್ರಿ ಹನ್ನೊಂದಕ್ಕೇ, ಅದನ್ನ ಬೇಡಿ. ಭಾನುವಾರದವರೆಗೆ ಕಾಯಬೇಡಿ. ಬನ್ನಿ, ಎದ್ದು ನಿಲ್ಲೋಣ.