ನೆಗ್ಗು ಯಾರದು?

ನಮ್ಮ ಮನೆಯ ಹಿತ್ತಲಲ್ಲಿ ಎರಡು ವರ್ಷ ಬಟ್ಟೆ ಒಣಹಾಕಲು ಜಾಗವಿರಲಿಲ್ಲ. ಇದ್ದ ಜಾಗವನ್ನೆಲ್ಲ ಒಂದು ಹಳೆಯ ಮೋಟಾರ್ ಸೈಕಲ್ಲು ನುಂಗಿಕೊಂಡಿತ್ತು. ಎಂಜಿನ್ ಒಂದು ಕಡೆ, ಚಕ್ರಗಳು ಇನ್ನೊಂದು ಕಡೆ, ತೆಂಗಿನಕಾಯಿ ಚಿಪ್ಪಿನಲ್ಲಿ ನಟ್ಟು ಬೋಲ್ಟು. ಉಪ್ಪಿನಕಾಯಿ ಭರಣಿ ಎಂದು ಕೈ ಹಾಕಿದರೆ ಗ್ರೀಸು. "ಹಳೇ ಕಬ್ಬಿಣಕ್ಕೆ ಹಾಕಿದ್ದರೆ ಒಂದು ಕುಕ್ಕರಾದರೂ ಬರುತ್ತಿತ್ತು" ಎಂದು ನಾನು ಗೊಣಗುತ್ತಿದ್ದೆ. ಮಗ ನಗುತ್ತಿದ್ದ. ಅಮ್ಮ ಮಾತ್ರ ಏನೂ ಅನ್ನದೆ ಹೂ ಕಟ್ಟುತ್ತ ಕೂತಿರುತ್ತಿದ್ದಳು.

ಗಾಡಿ ನಮ್ಮ ಅಪ್ಪನದು. 1969ರಲ್ಲಿ ಕೊಂಡ ಜಾವಾ. ಆಗ ನಮ್ಮದಿನ್ನೂ ಮೈಸೂರು ರಾಜ್ಯ; ಕಾಗದದ ಮೇಲೂ ಹಾಗೆಯೇ ಇದೆ. ಅಪ್ಪ ರೇಷ್ಮೆ ಇಲಾಖೆಯಲ್ಲಿದ್ದರು. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಎಂದು ಹಿಪ್ಪುನೇರಳೆ ತೋಟಗಳನ್ನು ಸುತ್ತುವ ಕೆಲಸ. ಜಾವಾ ಎಂದರೆ ಯಾವುದೋ ದ್ವೀಪದ ಹೆಸರೆಂದು ನಾನು ಮಕ್ಕಳಿಗೆ ಹೇಳಿದ್ದೂ ಉಂಟು. ಹಾಗಲ್ಲವಂತೆ. 1929ರಲ್ಲಿ ಪ್ರಾಗ್ ನಗರದ ಯಾನೆಚೆಕ್ ಎಂಬುವರು ಜರ್ಮನಿಯ ವಾಂಡರರ್ ಕಂಪನಿಯ ಮೋಟಾರ್ ಸೈಕಲ್ ವಿಭಾಗವನ್ನು ಕೊಂಡು, ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಜೋಡಿಸಿದರಂತೆ. ನಮ್ಮ ದೇಶದಲ್ಲಿ ಅದು ತಯಾರಾದದ್ದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ, 1961ರಿಂದ. ಆಮೇಲೆ ಅದೇ ಕಾರ್ಖಾನೆಯ ಗಾಡಿಗೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬೇರೆ ಕಂಪನಿಯವರು ಜಾವಾ ಹೆಸರಿನಲ್ಲಿ ಹೊಸ ಗಾಡಿ ತಂದರು, ಆದರೆ ಅದು ಬೇರೆಯೇ ಗಾಡಿ.

ಮಗ ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುತ್ತಾನೆ. 2013ರಿಂದ ಹೋಂಡಾ ಕಂಪನಿಯ ದೊಡ್ಡ ಕಾರ್ಖಾನೆ ಅಲ್ಲಿದೆ. ದಿನ ಬೆಳಗಾದರೆ ಸಾಲುಸಾಲು ಹೊಸ ಗಾಡಿಗಳು ಲಾರಿ ಏರಿ ಹೋಗುತ್ತವೆ. ಅದನ್ನು ನೋಡಿಕೊಂಡು ಮನೆಗೆ ಬಂದವನು ತುಕ್ಕು ಉಜ್ಜುತ್ತ ಕೂರುತ್ತಿದ್ದ. ಮುಳಬಾಗಿಲಿನ ಹಳೆಯ ಮನೆಯ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿದ್ದ ಗಾಡಿ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಪ್ಲಗ್ಗಿನ ತೂತಿನಲ್ಲಿ ಡೀಸೆಲ್ ಸುರಿದು ವಾರಗಟ್ಟಲೆ ಕಾದ. ಬಿಡಿಸಿದ ಮೇಲೆ ಬೋರು ಕೊರೆಸಿ ಒಂದು ಗೀಟು ದಪ್ಪದ ಪಿಸ್ಟನ್ ಹಾಕಿಸಿದ. ರಬ್ಬರಿನ ಆಯಿಲ್ ಸೀಲುಗಳು ಕಲ್ಲಾಗಿದ್ದವು. ಟೂ ಸ್ಟ್ರೋಕ್ ಎಂಜಿನ್ನಿಗೆ ಅವು ಸೋರಿದರೆ ಉಸಿರೇ ಇಲ್ಲವಂತೆ. ಭಾನುವಾರ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಅಂಗಡಿ ಅಂಗಡಿ ಅಲೆಯುತ್ತಿದ್ದ. ವೈರು ಹೊಸದು, ಚೈನು ಹೊಸದು, ಟಯರು ಹೊಸದು, ಸೀಟು ಹೊಸದು.

ಒಂದು ದಿನ ನಾನು ಕೇಳಿದೆ: "ಎಲ್ಲ ಹೊಸದಾದ ಮೇಲೆ ಇದು ತಾತನ ಗಾಡಿ ಹೇಗಾಯ್ತೋ?"

ಹಳೆಯ ಪ್ರಶ್ನೆಯೇ. ಗ್ರೀಕರು ಥೀಸಿಯಸ್ ವೀರನ ಹಡಗನ್ನು ಕಾಪಾಡುತ್ತ, ಕೊಳೆತ ಹಲಗೆಯನ್ನು ಒಂದೊಂದಾಗಿ ಬದಲಿಸುತ್ತ ಬಂದರು. ಅದು ಅದೇ ಹಡಗೋ ಬೇರೆಯೋ ಎಂದು ಪಂಡಿತರು ಜಗಳವಾಡಿದರು ಎಂದು ಪ್ಲೂಟಾರ್ಕ್ ಬರೆದಿದ್ದಾನೆ. ನಮ್ಮ ಕಡೆಯ ನಾಗಸೇನ ಭಿಕ್ಷು ಮಿಲಿಂದ ರಾಜನ ಎದುರು ಇನ್ನೂ ಮುಂದೆ ಹೋದ. ಅಚ್ಚು ರಥವೇ? ಗಾಲಿ ರಥವೇ? ನೊಗ ರಥವೇ? ಯಾವುದೂ ಅಲ್ಲ; ಎಲ್ಲ ಸೇರಿದಾಗ ನಾವು ಇಟ್ಟುಕೊಂಡ ಹೆಸರು ರಥ, ಅಷ್ಟೆ. ನಾವು ಮಾತ್ರ ಏನು? ಮದುವೆಯಾಗಿ ಬಂದಾಗ ಹೆಸರು, ಊರು, ಅಡುಗೆಯ ರುಚಿ ಎಲ್ಲ ಬದಲಾಗಿ, ಮೂವತ್ತು ವರ್ಷದ ಮೇಲೆ ಕನ್ನಡಿಯಲ್ಲಿ ಅದೇ ಹುಡುಗಿಯನ್ನು ಹುಡುಕುವುದಿಲ್ಲವೇ?

ಮಗನ ಉತ್ತರ ಸಿದ್ಧವಾಗಿತ್ತು. "ಟ್ಯಾಂಕು ತಾತನದೇ ಅಮ್ಮ. ಅದರ ನೆಗ್ಗು ನೋಡು. ಅದನ್ನ ಮಾತ್ರ ಮುಟ್ಟಲ್ಲ. ಬಣ್ಣ ಹೊಡೆದರೂ ನೆಗ್ಗು ಹಾಗೇ ಇರಬೇಕು. ಅದೇ ಇದರ ಇತಿಹಾಸ."

ಆ ನೆಗ್ಗಿನ ಕಥೆ ನಮ್ಮ ವಂಶದಲ್ಲಿ ಎಲ್ಲರಿಗೂ ಬಾಯಿಪಾಠ. 1975ರ ಮಾವಿನ ಕಾಲ. ಅಪ್ಪ ಅಮ್ಮ ಶ್ರೀನಿವಾಸಪುರದ ಕಡೆಯಿಂದ ಬರುತ್ತಿದ್ದರು. ಅಮ್ಮನ ತೊಡೆಯ ಮೇಲೆ ಒಂದು ಕುಕ್ಕೆ ರಸಪುರಿ ಹಣ್ಣು. ಕೆರೆ ಏರಿಯ ಮೇಲೆ ಎಮ್ಮೆ ಅಡ್ಡ ಬಂತು, ಗಾಡಿ ಉರುಳಿತು, ಟ್ಯಾಂಕು ಕಲ್ಲಿಗೆ ಬಡಿಯಿತು. "ನಿಮ್ಮಮ್ಮ ನನ್ನನ್ನ ಬಿಟ್ಟಳು, ಕುಕ್ಕೆ ಬಿಡಲಿಲ್ಲ ನೋಡಿ! ಒಂದು ಹಣ್ಣೂ ಜಜ್ಜಲಿಲ್ಲ!" ಅಪ್ಪ ಹೀಗೆಂದಾಗ ಬಂದ ನೆಂಟರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಅಮ್ಮ ಕಾಫಿ ಲೋಟ ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು. ನಾಚಿಕೆ ಎಂದುಕೊಂಡಿದ್ದೆ.

ಮಗ ಅದೇ ಕಥೆ ನೆನಪಿಸಿ, "ಅಲ್ವಾ ಅಜ್ಜಿ?" ಎಂದ. ಅಮ್ಮ ಹೂವಿನಿಂದ ತಲೆ ಎತ್ತದೆ, "ತೆಗೆದುಬಿಡಪ್ಪ ಅದನ್ನ" ಅಂದಳು. ಅವನಿಗೆ ಅರ್ಥವಾಗಲಿಲ್ಲ. ನನಗೂ ಆಗಲಿಲ್ಲ.

ರಾತ್ರಿ ಹಾಸಿಗೆ ಹಾಕುವಾಗ ಕೇಳಿದೆ. ಅಮ್ಮ ದಿಂಬು ಸರಿ ಮಾಡಿಕೊಳ್ಳುತ್ತ ಹೇಳಿದಳು, ಯಾರದೋ ಮನೆಯ ಸುದ್ದಿಯಂತೆ. "ಆಗ ನನಗೆ ಮೂರು ತಿಂಗಳಾಗಿತ್ತು. ಬಿದ್ದ ಎರಡನೇ ದಿನ ಹೋಯ್ತು. ನಿಮ್ಮಪ್ಪನಿಗೂ ಸೂಲಗಿತ್ತಿಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನಿನಗೆ ಆಗ ಐದು ವರ್ಷ. ನೀನು ಹಣ್ಣು ತಿಂತಾ ಇದ್ದೆ."

ನಾನು ಹಣ್ಣು ತಿನ್ನುತ್ತಿದ್ದೆ. ಐವತ್ತು ವರ್ಷದ ಮೇಲೆ ಆ ಹಣ್ಣು ಗಂಟಲಲ್ಲಿ ಸಿಕ್ಕಿಕೊಂಡಿತು.

ಮೊದಲು ಅಪ್ಪನ ಮೇಲೆ ಸಿಟ್ಟು ಬಂತು. ಗೊತ್ತಿದ್ದೂ ಹೇಗೆ ಅಷ್ಟು ಜನರ ಮುಂದೆ ನಗಿಸಿದರು? ಎರಡು ದಿನ ಅವರ ಫೋಟೋದ ಕಡೆ ನೋಡಲಿಲ್ಲ. ಆಮೇಲೆ ಯೋಚಿಸಿದೆ. ಮೊದಲ ಮೂರು ತಿಂಗಳಲ್ಲಿ ಬಸಿರು ಹೋಗುವುದಕ್ಕೆ ಬಹಳ ಸಲ ಯಾರ ತಪ್ಪೂ ಕಾರಣವಲ್ಲ, ಭ್ರೂಣದಲ್ಲೇ ಕೊರತೆಯಿರುತ್ತದೆ ಎಂದು ಈಗಿನ ವೈದ್ಯರು ಹೇಳುತ್ತಾರೆ. ಬಿದ್ದದ್ದರಿಂದಲೇ ಆಯಿತೋ, ಹೇಗೂ ಆಗುವುದಿತ್ತೋ, ಈಗ ಯಾರು ಹೇಳಬಲ್ಲರು? ಆ ಕಾಲಕ್ಕೆ ಅಪ್ಪನಿಗೆ ಇದನ್ನು ಹೇಳುವವರಿರಲಿಲ್ಲ. ಗಾಡಿ ಓಡಿಸಿದವನು ತಾನು ಎಂಬುದೊಂದೇ ಅವರಿಗೆ ಗೊತ್ತಿದ್ದದ್ದು. ನೆಗ್ಗು ಏನು ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಅಷ್ಟರಲ್ಲಿ ತಾವೇ ಒಂದು ನಗುವ ಕಥೆಯನ್ನು ಅಡ್ಡ ನಿಲ್ಲಿಸಿದರೋ ಏನೋ. ಹಾಗೆಂದು ಅವರನ್ನು ಪೂರ್ತಿ ಕ್ಷಮಿಸಲೂ ಆಗಲಿಲ್ಲ. ತಮ್ಮ ನೋವು ಮುಚ್ಚಲು ಅವರಿಗೊಂದು ಕಥೆ ಸಿಕ್ಕಿತು. ಅಮ್ಮನಿಗೆ ಸಿಕ್ಕಿದ್ದು ಕಾಫಿ ಲೋಟ.

ಆಮೇಲೆ ನನ್ನ ಬುದ್ಧಿ ಇನ್ನೊಂದು ದಾರಿ ಹಿಡಿಯಿತು. ನೆಗ್ಗು ತೆಗೆಯಲೇಬಾರದು ಎನಿಸಿತು. ಹೆಸರಿಲ್ಲದೆ ಹೋದ ಆ ಜೀವಕ್ಕೆ ಈ ಲೋಕದಲ್ಲಿ ಇರುವ ಗುರುತು ಅದೊಂದೇ. ನನ್ನ ಒಡಹುಟ್ಟು ಅಲ್ಲವೇ? ನನಗೂ ಹಕ್ಕಿಲ್ಲವೇ? ಅಮ್ಮನಿಗೆ ಇದನ್ನೆಲ್ಲ ಪಾಠ ಹೇಳುವ ಧಾಟಿಯಲ್ಲಿ ಹೇಳಿದೆ. ಅಮ್ಮ ಪೂರ್ತಿ ಕೇಳಿ, "ನಿನಗೆ ಗೊತ್ತಾಗಿ ನಾಲ್ಕು ದಿನ ಆಯ್ತು. ನಾನು ಅದನ್ನ ದಿನಾ ಒರೆಸ್ತಿದ್ದೆ ಕಣೆ" ಅಂದಳು.

ನನ್ನ ಬಾಯಿ ಕಟ್ಟಿತು. ಅಪ್ಪ ಕೆಲಸಕ್ಕೆ ಹೊರಡುವ ಮೊದಲು ಗಾಡಿಯ ಧೂಳು ಒರೆಸುತ್ತಿದ್ದದ್ದು ಅಮ್ಮ. ನಾನೇ ಕಣ್ಣಾರೆ ಕಂಡದ್ದು. ಮಗನಿಗೆ ಅದು ಇತಿಹಾಸ, ನೆಂಟರಿಗೆ ತಮಾಷೆ, ನನಗೆ ನಾಲ್ಕು ದಿನದ ದುಃಖ. ಅವಳಿಗೆ ಅದು ಪ್ರತಿ ಬೆಳಗಿನ ಕೆಲಸ.

ಇದು ಅದೇ ಗಾಡಿಯೇ ಎಂಬ ಪ್ರಶ್ನೆ ಪಂಡಿತರಿಗಿರಲಿ. ಮನೆಯೊಳಗಿನ ಪ್ರಶ್ನೆ ಬೇರೆ: ಗುರುತು ಉಳಿಯಬೇಕೋ ಬೇಡವೋ ಎಂದು ಹೇಳುವವರು ಯಾರು? ಹಳೆಯದನ್ನು ಉಳಿಸುವುದು ಒಳ್ಳೆಯದೆಂದೇ ನಾನು ಮಕ್ಕಳಿಗೆ ಕಲಿಸಿದ್ದೇನೆ. ಕೋಲಾರಮ್ಮನ ಗುಡಿಯ ಶಾಸನದ ಮೇಲೆ ಯಾರಾದರೂ ಸುಣ್ಣ ಬಳಿದರೆ ಈಗಲೂ ಬೈಯುತ್ತೇನೆ. ಆದರೆ ಶಾಸನ ಊರಿನದು. ಗಾಯ ಹಾಗಲ್ಲ. ನೆನಪಿಡುವ ಆಸೆ ನನ್ನದು, ಹೊರುವ ಭಾರ ಇನ್ನೊಬ್ಬರದು ಎಂದಾದರೆ, ಹೊರುವವರ ಮಾತೇ ಮೊದಲು ನಡೆಯಬೇಕು. ಮರೆಯಲಿಕ್ಕೆ ಬಿಡಿ ಎಂದು ಕೇಳಲೂ ನಮ್ಮ ತಾಯಂದಿರು ಐವತ್ತು ವರ್ಷ ಕಾಯಬೇಕೇ?

ಟಿಂಕರಿಂಗ್‌ನವರು ನೆಗ್ಗಿನ ಮೇಲೆ ಕಡ್ಡಿ ಬೆಸೆದು, ಸ್ವಲ್ಪ ಸ್ವಲ್ಪವಾಗಿ ಎಳೆದು, ಉಜ್ಜಿ ಸಮ ಮಾಡಿದರು. ಮಗನಿಗೆ ನಾನು ಕಾರಣ ಹೇಳಲಿಲ್ಲ, "ಅಜ್ಜಿಗೆ ಬೇಡವಂತೆ" ಎಂದೆ. ಅವನೂ ಮತ್ತೆ ಕೇಳಲಿಲ್ಲ. ಅಷ್ಟು ಸಾಕಾಯಿತು ಎಂಬುದು ನನಗೆ ಹೆಮ್ಮೆ. ಆಮೇಲೆ ಅಮ್ಮನೇ ಅವನನ್ನು ಪಕ್ಕ ಕೂರಿಸಿಕೊಂಡು ಹೇಳಿದಳು. ಟ್ಯಾಂಕಿಗೆ ಕೆಂಗಂದು ಬಣ್ಣ ಬಂತು. ಪೆಟ್ರೋಲಿಗೆ ಲೆಕ್ಕದ ಆಯಿಲ್ ಬೆರೆಸಿ, ಗೇರಿನ ಸನ್ನೆಯನ್ನೇ ತಿರುಗಿಸಿ ಕಿಕ್ ಹೊಡೆದ. ಏಳನೆಯದಕ್ಕೋ ಎಂಟನೆಯದಕ್ಕೋ ಎಂಜಿನ್ ಕೆಮ್ಮಿ ಎದ್ದಿತು. ಹಿತ್ತಲ ತುಂಬ ಹೊಗೆ. ಅಮ್ಮ ಸೆರಗು ಮೂಗಿಗಿಟ್ಟುಕೊಂಡು ಬಂದು, ನೆಗ್ಗು ಇದ್ದ ಕಡೆ ಒಮ್ಮೆ ಕೈಯಾಡಿಸಿ, "ಬಟ್ಟೆ ಒಣಹಾಕೋಕೆ ಜಾಗ ಆಯ್ತು" ಎಂದು ಒಳಗೆ ಹೋದಳು.

ಮಾವಿನ ಹಣ್ಣಿನ ಕಥೆ ಇನ್ನು ಯಾರಾದರೂ ತೆಗೆದರೆ ನಿಲ್ಲಿಸಲೇ ಎಂದು ಕೇಳಿದೆ. "ಬೇಡ ಬಿಡು, ಅದು ಅವರ ಕಥೆ" ಅಂದಳು. ಇದನ್ನು ಬರೆಯಲೇ ಎಂದೂ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಿ. ನನ್ನ ಹೆಸರು ಹಾಕಬೇಡ. ಓದಿದವರಲ್ಲಿ ಯಾರಿಗಾದರೂ ಇಂಥದು ಇರುತ್ತೆ" ಅಂದಳು.